ಎಲ್ಲಿಗೆ ಎನ್ನದೆ ದಿಲ್ಲಿಗೆ

ಹರಿಹರದಲ್ಲಿ ರೈಲು ಹತ್ತುವಷ್ಟರಲ್ಲಿ ಸಿಕ್ಕವರೆಲ್ಲ ಕೇಳಿದ್ದರು, "ದೂರ ಹೊಂಟಿರೇನ್ರಿ?" ಹೊರಟವರನ್ನು "ಎಲ್ಲಿಗೆ" ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗಂಡ, ನಮ್ಮ ಯಜಮಾನರು, ಎಲ್ಲರಿಗೂ ಒಂದೇ ಉತ್ತರ ಕೊಟ್ಟರು, "ಏನ್ ದೂರ ಬಿಡ್ರಿ, ವಿಮಾನದಾಗ ಎರಡೂಮುಕ್ಕಾಲು ತಾಸು."

ದಿಲ್ಲಿಯಲ್ಲಿರುವ ಅವರ ತಂಗಿ ಗಿರಿಜಾಳ ಮಗನಿಗೆ ಮರುದಿನ ಬೆಳಿಗ್ಗೆ ಕಿವಿ ಚುಚ್ಚುವ ಶಾಸ್ತ್ರವಿತ್ತು. ಮಗು ಸೋದರಮಾವನ ತೊಡೆಯ ಮೇಲೆಯೇ ಕೂರಬೇಕು. ಇರುವ ಸೋದರಮಾವ ಇವರೊಬ್ಬರೇ. ವಿಮಾನ ತಪ್ಪಿದರೆ ತೊಡೆಯೂ ತಪ್ಪಿದಂತೆ.

ರೈಲು, ಆಮೇಲೆ ಬಸ್ಸು ಎಂದು ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟಲು ಏಳು ತಾಸು ಹಿಡಿಯಿತು. ದಾರಿ ಸರಿಯಾಗಿ ನಾನೂರು ಕಿಲೋಮೀಟರೂ ಆಗಲಾರದು. ಮುಂದಿನ ಸಾವಿರದ ಏಳುನೂರಕ್ಕೆ ಮಾತ್ರ ಎರಡೂಮುಕ್ಕಾಲು! "ಲೆಕ್ಕ ಹೆಂಗೈತೆ ನೋಡು" ಎಂದು ದಾವಣಗೆರೆಯಲ್ಲಿ ಶುರುಮಾಡಿದವರು ತುಮಕೂರು ದಾಟಿದರೂ ಬಿಡಲಿಲ್ಲ. ನಾನು ಖಾರಮಂಡಕ್ಕಿ ತಿನ್ನುತ್ತ ಹೂಂಗುಟ್ಟಿದೆ.

ಬ್ಯಾಗು ಒಪ್ಪಿಸುವ ಕೌಂಟರಿನಲ್ಲಿ ಕೂತಿದ್ದ ಹುಡುಗಿ ನಗುತ್ತ ಕೇಳಿದಳು, "ಎಲ್ಲಿಗೆ ಸರ್?"

ಯಜಮಾನರ ಮುಖ ಹುಳ್ಳಗಾಯಿತು. "ಹೊಂಟಾಗ ಎಲ್ಲಿಗೆ ಅಂದ್ಬಿಟ್ಲಲ್ಲ" ಎಂದು ಬ್ಯಾಗು ಎತ್ತಿಕೊಂಡು ಹಿಂದೆ ಬಂದು ಕುರ್ಚಿಯಲ್ಲಿ ಕೂತರು. ಅಪಶಕುನಕ್ಕೆ ಪರಿಹಾರ ಅದೇ, ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಹೊಸದಾಗಿ ಹೊರಡುವುದು. ಹಾಗೇ ಹೊರಟು ಸಾಲಿನ ಬಾಲದಲ್ಲಿ ನಿಂತರು. ಸರದಿ ಬಂದಾಗ ಆ ಹುಡುಗಿ ಮತ್ತೆ ಅದನ್ನೇ ಕೇಳಿದಳು. ಇವರು ಮತ್ತೆ ಕುರ್ಚಿಗೆ ಬಂದರು.

ಕೌಂಟರು ಮುಚ್ಚುವ ಹೊತ್ತಾಗಿತ್ತು. ಇವರು ನೋಡಿದರೆ ಆರಾಮಾಗಿ ನೀರು ಕುಡಿಯುತ್ತಿದ್ದಾರೆ. ನಾನೇ ಓಡಿಹೋಗಿ ಹುಡುಗಿಗೆ ಹೇಳಿದೆ, "ಕೈ ಮುಗೀತೀನಿ ತಾಯಿ, ಎಲ್ಲಿಗೆ ಅನಬ್ಯಾಡ. ದೂರ ಹೊಂಟಿರೇನು ಅಂತ ಕೇಳು."

"ನಮ್ಮಜ್ಜಿನೂ ಹಿಂಗೇ ಮೇಡಂ" ಎಂದಳು ಪುಣ್ಯಾತ್ಗಿತ್ತಿ. ಯಜಮಾನರು ಬಂದು ನಿಂತಾಗ ಗಂಭೀರವಾಗಿ ಕೇಳಿದಳು, "ದೂರ ಹೊರಟ್ರಾ ಸರ್?"

"ಹೌದವ್ವ."

"ಎಷ್ಟು ದೂರ?"

"ಸಾವಿರದ ಏಳುನೂರು ಕಿಲೋಮೀಟ್ರು."

"ಹಾಗಾದ್ರೆ ದಿಲ್ಲಿ" ಎಂದು ಬ್ಯಾಗಿಗೆ ಚೀಟಿ ಅಂಟಿಸಿದಳು. ಅಲ್ಲಿಂದ ವಿಮಾನದ ಬಾಗಿಲವರೆಗೆ ನಾವು ನಡೆಯಲಿಲ್ಲ, ಓಡಿದೆವು.

ಸಂಜೆ ದಿಲ್ಲಿ ತಲುಪಿದಾಗ ಗಿರಿಜಾ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಮದುವೆಯಾದ ಮೇಲೆ ಅಣ್ಣ ಅವಳ ಹೊಸಿಲು ತುಳಿದದ್ದು ಇದೇ ಮೊದಲು.

"ದಣಿವಾತೇನಣ್ಣ?"

"ಏನ್ ದಣಿವು, ಎರಡೂಮುಕ್ಕಾಲು ತಾಸು ಅಷ್ಟ" ಎಂದರು ಇವರು ಅಭ್ಯಾಸಬಲದಿಂದ.

"ಅಷ್ಟಕ್ಕ ಆರು ವರ್ಷ ಬೇಕಾತಾ?"

ಗಿರಿಜಾ ನಗುತ್ತಲೇ ಕೇಳಿದ್ದಳು, ಆದರೆ ಕಣ್ಣು ತುಂಬಿತ್ತು. ಮರುದಿನ ಅಕ್ಕಸಾಲಿಗ ಕಿವಿ ಚುಚ್ಚಿ ಹೋದ, ಮಗುವಿನ ಅಳು ನಿಂತಿತು, ಊಟಕ್ಕೆ ಎಲೆಯೂ ಹಾಕಿದರು. ಇವರು ಮಾತ್ರ ಮಗುವನ್ನು ತೊಡೆಯಿಂದ ಇಳಿಸಲೇ ಇಲ್ಲ.