ಸೋಗೆಮನೆಯಲ್ಲಿ ನನಗೊಂದು ಕುರ್ಚಿ

ಆ ದಿನಗಳಲ್ಲಿ ನಾವು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಬಾಡಿಗೆಗಿದ್ದೆವು. ನಮ್ಮ ಬೇಲಿಯಾಚೆ ಸಮೋವಾ ದ್ವೀಪದವರ ಮನೆ. ನನ್ನ ವಯಸ್ಸಿನ ಸಿನಾ, ಅವಳ ಅಜ್ಜಿ, ತಾತ. ಆ ಅಜ್ಜಿಯನ್ನು ನಾನೂ ಅಜ್ಜಿ ಎಂದೇ ಕರೆಯುತ್ತಿದ್ದೆ. ಹಾಗಂದರೇನು ಎಂದು ಅವರು ಒಮ್ಮೆಯೂ ಕೇಳಲಿಲ್ಲ, ಕರೆದರೆ ಓಗೊಡುತ್ತಿದ್ದರು. ಈಗ ಮೆಲ್ಬರ್ನಿನಲ್ಲಿ ನನ್ನ ಬೇಲಿಯಾಚೆ ಯಾರಿದ್ದಾರೋ ನನಗೆ ಗೊತ್ತಿಲ್ಲ. ಬಿನ್ ಹೊರಗಿಡುವಾಗ ಕೈ ಬೀಸುತ್ತೇವೆ, ಅಷ್ಟೆ.

ಭಾನುವಾರಗಳಲ್ಲಿ ಅಜ್ಜಿ ಸಿನಾಳ ಜೊತೆ ನನ್ನನ್ನೂ ಸೋಗೆಮನೆಗೆ ಕರೆದೊಯ್ಯುತ್ತಿದ್ದರು. ಚರ್ಚಿನ ಹಿಂದೆ ಅವರ ಜನ ಕೂಡುವುದಕ್ಕೆಂದು ಕಟ್ಟಿಕೊಂಡ ಮನೆ ಅದು. ಸುತ್ತಲೂ ಕಂಬ, ಗೋಡೆಯೇ ಇಲ್ಲ. ಮೇಲೆ ಕಬ್ಬಿನ ಸೋಗೆಯ ಮಾಡು, ಕೆಳಗೆ ಬೆಣಚುಕಲ್ಲು, ಅದರ ಮೇಲೆ ಚಾಪೆ. ಮೊದಲ ಸಲ ಬಂದಾಗ ಅಮ್ಮ, "ಅಯ್ಯೋ, ನಮ್ಮ ಮಂಡ್ಯದ ಕಡೆ ಗುಡ್ಲು ಇದ್ದಂಗೇ ಅದೆ ಕಣವ್ವ!" ಎಂದು ಕಂಬ ಸವರಿ ಸವರಿ ನೋಡಿದ್ದಳು.

ಒಳಗೆ ಒಣ ಸೋಗೆಯ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಸೊಪ್ಪಿನ ವಾಸನೆ. ಅಂಚಿನ ಕಲ್ಲು ಹೆಕ್ಕಿಕೊಂಡು ನಾನೂ ಸಿನಾಳೂ ಕಲ್ಲಾಟ ಆಡುತ್ತಿದ್ದೆವು. ಕಟ್ಟುಪಾಡುಗಳಿಗೇನೂ ಕಮ್ಮಿಯಿರಲಿಲ್ಲ. ಚಪ್ಪಲಿ ಹೊರಗೆ. ಹಿರಿಯರ ಮುಂದೆ ದಾಟುವಾಗ ಬಗ್ಗಿ ನಡೆಯಬೇಕು. ಚಕ್ಕಂಬಕ್ಕಲ ಹಾಕಿ ಕೂರಬೇಕು, ಯಾರ ಕಡೆಗೂ ಕಾಲು ಚಾಚಕೂಡದು. ನನ್ನ ಕಾಲೋ, ಮಾತು ಕೇಳುವ ಜಾತಿಯದಲ್ಲ.

"ಪಲ್ಲವಿ! ಲೆಗ್ಸ್!" ಎಂದು ಅಜ್ಜಿ ಗದರುತ್ತಿದ್ದರು. ಕೂಡಲೇ ಬೀಸಣಿಗೆಯಿಂದ ಮೊಣಕಾಲಿಗೆ ಒಂದು ಪೆಟ್ಟು ಬೀಳುತ್ತಿತ್ತು. ಸಿನಾಳಿಗೆ ಬೀಳುತ್ತಿದ್ದಷ್ಟೇ ಜೋರಾದ ಪೆಟ್ಟು. ಅದು ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದು ಆಗ ಗೊತ್ತಿರಲಿಲ್ಲ.

ಆ ವರ್ಷ ತಾತ ಕಾಯಿಲೆಬಿದ್ದು ವೆಸ್ಟ್‌ಮೀಡ್ ಆಸ್ಪತ್ರೆ ಸೇರಿದರು. ಚಳಿಗಾಲವಿಡೀ ಅಮ್ಮ ಕೆಲಸದಿಂದ ಬಂದವಳೇ ಫ್ಲಾಸ್ಕಿಗೆ ಗಂಜಿ ತುಂಬಿ, ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ತಾತ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಸೋಗೆಮನೆಯಲ್ಲಿ ಎಲ್ಲರೂ ಕೂಡಿದರು. ಹೆಣ್ಣುಮಕ್ಕಳು ಒಂದು ಚಾಪೆ ಬಿಡಿಸಿ ಎಲ್ಲರಿಗೂ ತೋರಿಸಿದರು. ಬಟ್ಟೆಯಷ್ಟು ನಯ, ಅಂಚಿಗೆ ಕೆಂಪು ಹಕ್ಕಿಗರಿ. ಆಮೇಲೆ ಅದನ್ನು ಮಡಿಸಿ ಅಮ್ಮನ ಮಡಿಲಲ್ಲಿಟ್ಟರು. ಅಮ್ಮ ಕಣ್ಣೊರೆಸಿಕೊಂಡಳು. ನಮ್ಮಲ್ಲಿ ಮನೆಗೆ ಬಂದ ಹೆಂಗಸರಿಗೆಲ್ಲ ಬ್ಲೌಸ್ ಪೀಸ್ ಕೊಟ್ಟು ಕಳಿಸುವುದಿಲ್ಲವೇ, ಹಾಗೇ ಇರಬೇಕು ಎಂದುಕೊಂಡೆವು.

ಬೇಸಿಗೆ ಬಂತು. ಸಂಕ್ರಾಂತಿಗೇ ನೆತ್ತಿ ಸುಡುವ ಬಿಸಿಲು. ಅಮ್ಮ ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ಮೆಣಸಿನಕಾಯಿ ತಂದು, ಸೀಳಿ, ಉಪ್ಪುಮಜ್ಜಿಗೆಯಲ್ಲಿ ನೆನೆಹಾಕಿದಳು. ಒಣಗಿಸಲು ಹಿತ್ತಲಲ್ಲಿ ಹಾಸಿದ್ದು ಅದೇ ಚಾಪೆ. ಗಾಳಿಗೆ ಹಾರದಿರಲೆಂದು ಮೂಲೆಗೊಂದು ಇಟ್ಟಿಗೆ.

"ಹೊಸಾದನ್ನ ಯಾಕಮ್ಮ ಹಾಕ್ತೀಯಾ?" ಎಂದಿದ್ದೆ.

"ತಿನ್ನೋ ಪದಾರ್ಥವ ಕೊಳಕು ಚಾಪೆ ಮೇಲೆ ಹರವುಕ್ಕಾದದ? ನಮ್ಮನೇಲಿ ಇದ್ಕಿಂತ ಚೊಕ್ಕಟವಾದ್ದು ಏನದೆ?"

ಅಮ್ಮನ ಮನಸ್ಸಿನಲ್ಲಿ ಅದು ಮರ್ಯಾದೆಯೇ. ಆದರೆ ಮನಸ್ಸು ಬೇಲಿಯಾಚೆಗೆ ಕಾಣುವುದಿಲ್ಲ, ಮೆಣಸಿನಕಾಯಿ ಕಾಣುತ್ತದೆ.

ಸಂಜೆ ಅಜ್ಜಿ ತಟ್ಟೆಯಲ್ಲಿ ಏನೋ ತಿಂಡಿ ಹಿಡಿದು ಬೇಲಿಯ ಹತ್ತಿರ ಬಂದರು. ಚಾಪೆ ನೋಡಿದರು. ಹುಳಿ ಮಜ್ಜಿಗೆ ಇಳಿದು ಹಳದಿಯಾಗಿದ್ದ ಕಲೆ ನೋಡಿದರು, ಇಟ್ಟಿಗೆಯಡಿ ಸಿಕ್ಕಿದ್ದ ಗರಿ ನೋಡಿದರು. ಈಗ ಗದರುತ್ತಾರೆ ಎಂದು ನಾನು ಕಾದೆ. ಅವರು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ತಿರುಗಿ ನಡೆದರು.

ಹೇಳಿದ್ದು ಸಿನಾ, ಮಾರನೆಯ ದಿನ. ಅದನ್ನು ನೇಯ್ದದ್ದು ಅಜ್ಜಿಯ ತಾಯಿಯಂತೆ. ಅಂಥದ್ದರ ಮೇಲೆ ಯಾರೂ ಕೂರುವುದೂ ಇಲ್ಲವಂತೆ. ಅವರ ಮನೆಯಲ್ಲಿ ಇದ್ದದ್ದು ಅದೊಂದೇ ಅಂತೆ.

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿ ಹೊರಟಳು. "ಕಾಲಿಗ್ ಬಿದ್ ಬತ್ತೀನಿ."

ಅಪ್ಪ ತಡೆದರು. "ಸುಮ್ನಿರೆ. ಬಾಯಿಬಿಟ್ರೆ ಬಣ್ಣಗೇಡು. ಅವ್ರೇನಾದ್ರೂ ಕೇಳಿದ್ರಾ? ಹೆಂಗೂ ಟ್ರಾನ್ಸ್‌ಫರ್ ಆಗ್ತಾ ಇದೆ, ಮೆಲ್ಬರ್ನಿಗೆ ಹೋಗ್ತೀವಿ. ಯಾಕೆ ಸೀನ್ ಮಾಡ್ತೀಯಾ?"

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಪ್ಪನ ಆ ಜಾಣತನವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಆ ಭಾನುವಾರ ನಾನು ಸಿನಾಳ ಹಿಂದೆ ಸೋಗೆಮನೆಗೆ ಹೋದೆ. ಕೂತವಳೇ ಬೇಕೆಂದೇ ಕಾಲು ಚಾಚಿದೆ, ಅಜ್ಜಿಯ ಕಡೆಗೇ. ಬೀಸಣಿಗೆ ಅವರ ಕೈಯಲ್ಲೇ ಇತ್ತು. ಅವರು ನನ್ನ ಕಾಲು ನೋಡಿದರು. ಯಾರಿಗೋ ಮೆಲ್ಲಗೆ ಏನೋ ಹೇಳಿದರು. ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ಬಂತು.

"ಸಿಟ್ ಹಿಯರ್, ಡಿಯರ್. ಮೋರ್ ಕಂಫರ್ಟಬಲ್," ಎಂದರು. ಹೊರಗಿನಿಂದ ನೋಡಲು ಬಂದವರಿಗೆ ಹಾಕುವ ಕುರ್ಚಿ ಅದು. ನಾನು ಎಲ್ಲರ ತಲೆಗಿಂತ ಎತ್ತರದಲ್ಲಿ, ನೆಲಕ್ಕೆ ತಾಕದ ಕಾಲು ಇಳಿಬಿಟ್ಟುಕೊಂಡು ಕೂತೆ. ಸಿನಾ ಕೆಳಗೆ ಬೇರೆ ಹುಡುಗಿಯ ಜೊತೆ ಕಲ್ಲಾಟ ಆಡಿದಳು.

ಆ ಚಾಪೆ ಈಗ ಮೆಲ್ಬರ್ನಿನಲ್ಲಿ ಅಮ್ಮನ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳಿಗೂ ಮೇಲೆ. ತೊಳೆದರೂ ಕಲೆ ಹೋಗಿಲ್ಲ. ಹೋದ ವರ್ಷ ಸಿಡ್ನಿಗೆ ಹೋದಾಗ ಅದನ್ನು ಹಿಂದಿರುಗಿಸೋಣವೆಂದು ಸೋಗೆಮನೆ ಹುಡುಕಿಕೊಂಡು ಹೋದೆ. ಸೋಗೆ ತೆಗೆದು ತಗಡು ಹೊದಿಸಿದ್ದಾರೆ. ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತಂತೆ. ಸಿನಾ ಎಲ್ಲಿದ್ದಾಳೋ ಅಲ್ಲಿದ್ದವರಿಗೆ ತಿಳಿಯದು. ಅವರೆಲ್ಲ ತುಂಬಾ ಸೌಜನ್ಯದಿಂದ ಮಾತಾಡಿಸಿದರು, ಕೂರಲು ಕುರ್ಚಿ ತಂದರು.

ಈ ದೇಶದಲ್ಲಿ ನನಗೆ ಕುರ್ಚಿ ಕೊಟ್ಟವರು ಬೇಕಾದಷ್ಟು ಜನ. ಕಾಲು ಮಡಚು ಎಂದು ಬಡಿದವರು ಅಜ್ಜಿ ಒಬ್ಬರೇ.