ಮೆಟ್ಟಿಲಿಗೆ ಮುಖ ಮಾಡಿ ಇಳಿಯುತ್ತಿದ್ದವರು

ಮೊನ್ನೆ ಅಮ್ಮ ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಾವಲಿಯ ಮೇಲೆ ಬಾಡಿಸುತ್ತಿದ್ದಳು. ಆ ವಾಸನೆಯನ್ನು ಯಾರೂ ಸುವಾಸನೆ ಎನ್ನಲಾರರು. ಹಸಿ ಸೊಪ್ಪು, ಕಾದ ಎಣ್ಣೆ, ಹಳೇ ಆಸ್ಪತ್ರೆ, ಮೂರೂ ಸೇರಿದ ಹಾಗಿರುತ್ತದೆ. ಎಲೆ ನನ್ನ ಮಂಡಿಗೆ. ಐವತ್ತೊಂದಕ್ಕೇ ಮಂಡಿ ಹೋಯಿತೇ ಎಂಬ ಚಿಂತೆ ಒಂದು ಕಡೆ, ಎಕ್ಕದ ಹಾಲು ಸಿಡಿದು ಕಣ್ಣು ಹೋದರೇನು ಗತಿ ಎಂಬ ಚಿಂತೆ ಇನ್ನೊಂದು ಕಡೆ. ಬಿಸಿ ಎಲೆ ಚರ್ಮಕ್ಕೆ ತಗುಲಿದಾಗ ಎರಡೂ ಸರಿದುಹೋಗಿ ಮೇಲಿನ ಮನೆಯವರು ನೆನಪಾದರು. ಈ ವಾಸನೆ ನಮ್ಮ ಮನೆಯಲ್ಲಿ ಮೊದಲು ಎದ್ದದ್ದೇ ಅವರ ಮಂಡಿಗಾಗಿ...

ಕೆಂಪಾಪುರದಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಮ್ಮ ಪಾಲಿಗೆ ಉಳಿದದ್ದು ಒಂದು ಸೈಟು. ಕೆಳಗೆ ನಾವು, ಮೇಲೆ ಬಾಡಿಗೆಗೆ ಒಂದು ಮನೆ. ಹೊರಗಿನಿಂದ ಹತ್ತೊಂಬತ್ತು ಮೆಟ್ಟಿಲು. ಮೆಟ್ಟಿಲು ಬೆಸಸಂಖ್ಯೆಯಲ್ಲೇ ಇರಬೇಕೆಂದು ಮೇಸ್ತ್ರಿಯ ಪಕ್ಕದಲ್ಲಿ ನಿಂತು ಎಣಿಸಿ ಕಟ್ಟಿಸಿದ ನಾನು, ರೇಲಿಂಗ್ ಮಾತ್ರ ಹಾಕಿಸಿರಲಿಲ್ಲ. ಕಬ್ಬಿಣವಾದರೆ ತುಕ್ಕು, ಸ್ಟೀಲಾದರೆ ಕಳ್ಳರು ಎಂದು ಯೋಚಿಸುವುದರಲ್ಲೇ ವರ್ಷಗಳು ಕಳೆದಿದ್ದವು. ನನ್ನ ಕೆಲಸ ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ. ಯಾರು ಎಲ್ಲಿ ಬಿದ್ದರು, ಯಾರ ತಪ್ಪಿನಿಂದ ಬಿದ್ದರು ಎಂದು ದಿನವಿಡೀ ಓದುವವನಿಗೆ ಸ್ವಂತ ಮನೆಯ ಮೆಟ್ಟಿಲು ಕನಸಿನಲ್ಲೂ ಬರುತ್ತದೆ.

ಆರೇಳು ವರ್ಷದ ಹಿಂದೆ ಆ ಮನೆಗೆ ಬಂದವರು ಪೋರ್ಚುಗಲ್ ದೇಶದ ಒಬ್ಬರು ಫುಟ್ಬಾಲ್ ಆಟಗಾರರು. ಗೋಲು ಹೊಡೆಯುವ ಸ್ಥಾನದವರು, ಸ್ಟ್ರೈಕರ್. ಯಲಹಂಕದಾಚೆ ಅಭ್ಯಾಸ ಮಾಡುತ್ತಿದ್ದ ಒಂದು ಸಣ್ಣ ಕ್ಲಬ್ಬು ಅವರನ್ನು ಕರೆಸಿಕೊಂಡಿತ್ತು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಕಿವಿಯ ಬಳಿ ನರೆ.

"ಪೋರ್ಚುಗಲ್ ಅಂದ್ರೆ ಎಲ್ಲೈತೋ?" ಎಂದು ಅಮ್ಮ ಕೇಳಿದಳು.

"ಗೋವಾಕ್ಕೆ ಬಂದಿದ್ರಲ್ಲಮ್ಮ, ಅವ್ರ ದೇಶ."

"ಅಂಗಾದ್ರೆ ಮೀನ್ ತಿಂತಾನೆ ಬಿಡು, ಸಾಕೋದು ಸುಲಭ" ಎಂದು ಅವರನ್ನು ಅವತ್ತೇ ದತ್ತು ತೆಗೆದುಕೊಂಡುಬಿಟ್ಟಳು. ಅವಳ ಬಾಯಲ್ಲಿ ಅವರು 'ಉದ್ದಪ್ಪ' ಆದರು. ಅವರೂ 'ಊಟ ಆಯ್ತಾ ಅಮ್ಮ' ಎನ್ನುವುದನ್ನು ಒಂದೇ ವಾರಕ್ಕೆ ಕಲಿತರು. ನನ್ನೊಂದಿಗೆ ಇಂಗ್ಲಿಷು. ಅವರದೂ ನನ್ನದೂ ಸಮಾನ ಬಡತನದ ಇಂಗ್ಲಿಷಾದ್ದರಿಂದ ಮಾತು ಸಲೀಸಾಗಿ ಸಾಗುತ್ತಿತ್ತು.

ಅವರ ಬಳಿ ಒಂದು ಕೀ ಗೊಂಚಲಿತ್ತು. ಸೈಪ್ರಸ್ಸಿನ ಮನೆಯದೊಂದು, ರೊಮೇನಿಯಾದ್ದೊಂದು, ಒಮಾನಿನದು, ವಿಯೆಟ್ನಾಮಿನದು. ಆಡಿದ ಪ್ರತಿ ದೇಶದಲ್ಲೂ ಮನೆ ಬಿಡುವಾಗ ಮಾಲೀಕರನ್ನು ಕೇಳಿ ಎರಡು ಕೀಗಳಲ್ಲಿ ಒಂದನ್ನು ಇಟ್ಟುಕೊಳ್ಳುತ್ತಿದ್ದರಂತೆ. ಸ್ವಂತ ದೇಶದ ಕೀ ಎಲ್ಲಿ ಎಂದು ಕೇಳಿದೆ. ನಕ್ಕರು. ಅಲ್ಲಿ ದೊಡ್ಡ ಲೀಗಿನಲ್ಲಿ ಅವರು ಆಡಿದ್ದು ಒಂದೇ ಪಂದ್ಯ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೂ ಕೊನೆಯ ಇಪ್ಪತ್ತು ನಿಮಿಷ. ಆಮೇಲೆ ಯಾರೂ ಕರೆಯಲಿಲ್ಲ. ಕರೆದ ಕಡೆಗೆ ಹೋಗುತ್ತಾ ಹೋಗುತ್ತಾ ಹದಿನಾರು ವರ್ಷವಾಯಿತು ಎಂದರು. "ನಿಮ್ಮದು ಐದನೇ ಕೀ ಆಗುತ್ತದೆ" ಎಂದು ಗೊಂಚಲನ್ನು ಕುಣಿಸಿ ತೋರಿಸಿದರು. ಡೂಪ್ಲಿಕೇಟ್ ಕೀ ಬೇರೆಯವರ ಕೈಗೆ ಸಿಕ್ಕರೆ ಎಂದು ನನಗೆ ತಕ್ಷಣ ಚಿಂತೆಯಾಯಿತು... ಆದರೂ ಒಳಗೊಳಗೇ ಖುಷಿಯೂ ಆಗಿತ್ತು ಅನ್ನಿ.

ಬೆಳಗಿನ ಐದೂವರೆಗೆ ಹಾಲು ತರಲು ಹೊರಟಾಗ ಒಂದು ದಿನ ಅವರನ್ನು ಕಂಡೆ. ಏಣಿ ಇಳಿಯುವವರ ಹಾಗೆ ಮೆಟ್ಟಿಲಿಗೆ ಮುಖ ಮಾಡಿ, ಎರಡೂ ಕೈಯನ್ನು ಮೇಲಿನ ಮೆಟ್ಟಿಲ ಮೇಲೆ ಊರಿ, ಒಂದೊಂದಾಗಿ ಇಳಿಯುತ್ತಿದ್ದರು. ಬಲಮಂಡಿ ಮಡಚುತ್ತಲೇ ಇರಲಿಲ್ಲ. ಕೆಳಗೆ ಬಂದು, ಕಾಂಪೌಂಡ್ ಕಟ್ಟೆಯ ಮೇಲೆ ಕೂತು, ಮಂಡಿ ಉಜ್ಜಿ ಉಜ್ಜಿ ಸಡಿಲ ಮಾಡಿಕೊಂಡರು. ಆರಕ್ಕೆ ಏರ್‌ಪೋರ್ಟ್ ರಸ್ತೆ ತುಂಬುವ ಮುಂಚೆ ಕ್ಲಬ್ಬಿನ ವ್ಯಾನು ಬಂದಾಗ, ಹುಡುಗನ ಹಾಗೆ ಹಾರಿ ಹತ್ತಿದರು. ಮೆಟ್ಟಿಲು ಇಳಿದದ್ದನ್ನು ವ್ಯಾನಿನವರು ನೋಡಲೇ ಇಲ್ಲ. ಅಷ್ಟಕ್ಕಾಗಿಯೇ ಅವರು ಅರ್ಧ ಗಂಟೆ ಮುಂಚೆ ಇಳಿಯುತ್ತಿದ್ದರು.

ನಾನು ನೋಡಿದ್ದು ಅವರಿಗೆ ಗೊತ್ತಾಯಿತು. ಸಂಜೆ ಅವರೇ ಬಂದು ಕೂತರು. "ಇನ್ನೊಂದು ಸೀಸನ್ ಆಡಿದರೆ ಸಾಕು. ಕಾಂಟ್ರಾಕ್ಟ್ ಕಾಗದ ಈ ತಿಂಗಳು ಬರುತ್ತದೆ. ಮಂಡಿ ವಿಷಯ ಯಾರಿಗೂ ಹೇಳಬೇಡಿ" ಎಂದರು. ಎಲ್ಲಾದರೂ ನೆಲಮಹಡಿಯ ಮನೆ ಕೊಡಿ ಎಂದು ಕ್ಲಬ್ಬಿನವರನ್ನು ಕೇಳಬಹುದಲ್ಲ ಎಂದೆ. "ಕೇಳಿದರೆ, ಯಾಕೆ ಅಂತ ಅವರು ಕೇಳುತ್ತಾರೆ" ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಮ್ಮನಿಗೆ ಯಾರೂ ಹೇಳಿರಲಿಲ್ಲ, ಅವಳು ನಡಿಗೆ ನೋಡಿಯೇ ತಿಳಿದುಕೊಂಡಿದ್ದಳು. ಖಾಲಿ ಸೈಟಿನಿಂದ ಎಕ್ಕದ ಎಲೆ ಕಿತ್ತು ತಂದು, ಬಾಡಿಸಿ, ಬಟ್ಟೆ ಸುತ್ತಿ ಕಟ್ಟಿದಳು. ಅವರು ಮೂಗು ಮುಚ್ಚಿಕೊಂಡು ನಗುತ್ತಾ ಕೂತಿದ್ದರು. ಮೂರು ವಾರ ದಿನವೂ ಅದೇ ನಡೆಯಿತು. ಆ ಮೂರು ವಾರದಲ್ಲಿ ಅವರು ಎರಡು ಗೋಲು ಹೊಡೆದರು. ಹೊಡೆಯುವುದು ಎಡಗಾಲು, ಭಾರ ಹೊತ್ತು ನಿಲ್ಲುವುದು ಆ ಬಲಗಾಲು. ಗೋಲಿಗೆ ಎಲೆಯೇ ಕಾರಣ ಎಂದು ಅಮ್ಮ ಇವತ್ತಿಗೂ ನಂಬಿದ್ದಾಳೆ.

ನನಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಐದೂವರೆಗೆ ಎದ್ದು ಕಿಟಕಿಯಲ್ಲಿ ನಿಂತು ಅವರು ಹತ್ತೊಂಬತ್ತು ಮೆಟ್ಟಿಲು ಮುಗಿಸುವವರೆಗೂ ಉಸಿರು ಹಿಡಿದಿರುತ್ತಿದ್ದೆ. ರೇಲಿಂಗ್ ಇಲ್ಲ. ಬಿದ್ದರೆ? ವಿದೇಶಿಯವರು, ಪೊಲೀಸು, ರಾಯಭಾರ ಕಚೇರಿ... ಮಾಲೀಕನ ನಿರ್ಲಕ್ಷ್ಯ ಎಂದು ಷರಾ ಬರೆಯುವವನೇ ನಾನಾದ್ದರಿಂದ ನನ್ನ ಮೇಲಿನ ಷರಾ ನನಗೆ ಕಂಠಪಾಠವಾಗಿತ್ತು. ಆ ಮೂರು ವಾರದಲ್ಲಿ ಒಬ್ಬ ವೆಲ್ಡರನ್ನು ಕರೆಸಬಹುದಿತ್ತು. ಆದರೆ ಚಿಂತೆ ಮಾಡುವವನಿಗೆ ಕೆಲಸ ಮಾಡಲು ಪುರುಸೊತ್ತು ಎಲ್ಲಿರುತ್ತದೆ?

ಆಗ ಕ್ಲಬ್ಬಿನ ಮ್ಯಾನೇಜರ್ ಬಂದರು. ಆಟಗಾರರ ಮನೆ, ಗ್ಯಾಸು, ಸಿಮ್ಮು ನೋಡಿಕೊಳ್ಳುತ್ತಿದ್ದವರು. ಮೆಟ್ಟಿಲ ಕೆಳಗೇ ಸ್ಕೂಟರ್ ನಿಲ್ಲಿಸಿ ಫೋನ್ ತೀಡುತ್ತಾ, "ಸಾರ್, ಮುಂದಿನ ಸೀಸನ್ನಿಗೂ ಇವ್ರೇ. ಅಗ್ರಿಮೆಂಟ್ ಇನ್ನೊಂದ್ ಹನ್ನೊಂದ್ ತಿಂಗ್ಳು ಮಾಡ್ಬಿಡೋಣ" ಎಂದರು.

"ಮಾಡೋಣ... ಆದ್ರೆ ಅವ್ರಿಗೆ ಎಲ್ಲಾದ್ರೂ ಕೆಳಗಡೆ ಮನೆ ನೋಡಿದ್ರೆ ಒಳ್ಳೇದಿತ್ತು."

"ಯಾಕ್ ಸಾರ್? ಪಾರ್ಟಿ ಗೀರ್ಟಿ ಗಲಾಟೆನಾ?"

"ಅಯ್ಯೋ ಛೇ, ದೇವ್ರಂಥ ಮನುಷ್ಯ. ಈ ಮೆಟ್ಲು ಕಣ್ರೀ. ರೇಲಿಂಗ್ ಬೇರೆ ಇಲ್ಲ."

"ಫುಟ್ಬಾಲ್ ಆಡೋರಿಗೆ ಮೆಟ್ಲು ಯಾವ್ ಲೆಕ್ಕ ಸಾರ್!"

ಅಲ್ಲಿಗೆ ನಿಲ್ಲಿಸಬಹುದಿತ್ತು. "ಅಲ್ರೀ, ಬೆಳಿಗ್ಗೆ ಉಲ್ಟಾ ಇಳೀತಾರೆ" ಎಂದೆ.

ಅವರ ಹೆಬ್ಬೆರಳು ಫೋನಿನ ಮೇಲೆ ನಿಂತಿತು. "ಉಲ್ಟಾ ಅಂದ್ರೆ?"

ಬರೀ ಬಾಯಲ್ಲಿ ಹೇಳಿದ್ದರೆ ಅಷ್ಟಕ್ಕೇ ಹೋಗುತ್ತಿತ್ತೋ ಏನೋ. ನಾನು ಮಾಡಿ ತೋರಿಸಿದೆ. ನಾಲ್ಕು ಮೆಟ್ಟಿಲು ಹತ್ತಿ, ತಿರುಗಿ, ಕೈ ಊರಿ, ಬಲಗಾಲನ್ನು ಕೋಲಿನಂತೆ ನೇರ ಇಟ್ಟುಕೊಂಡು ಇಳಿದೆ. ತಪ್ಪಿಲ್ಲದ ಅಭಿನಯ, ಮೂರು ವಾರ ಕಿಟಕಿಯಲ್ಲಿ ನಿಂತು ನೋಡಿ ಕಲಿತದ್ದಲ್ಲವೇ. ಮ್ಯಾನೇಜರ್ ನಗಲಿಲ್ಲ. "ಬಲಗಾಲಾ ಸಾರ್?" ಎಂದಷ್ಟೇ ಕೇಳಿ ಸ್ಕೂಟರ್ ಹತ್ತಿದರು. ನನಗೆ ಒಂದು ಕ್ಷಣ ಎದೆ ಹಗುರಾಯಿತು. ಬಿದ್ದರೂ ಇನ್ನು ನನ್ನ ತಪ್ಪಲ್ಲ, ಮುಂಚೆಯೇ ತಿಳಿಸಿದ್ದೇನೆ. ಅವರ ಒಳ್ಳೆಯದಕ್ಕೇ ಹೇಳಿದೆ ಎಂದು ಎಷ್ಟೋ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆದರೆ ಮೊದಲು ಹಗುರಾದದ್ದು ನನ್ನ ಎದೆ ಎಂಬುದು ನನಗೆ ಗೊತ್ತಿದೆ.

ನಾಲ್ಕೇ ದಿನದಲ್ಲಿ ಮಂಡಿಯ ಸ್ಕ್ಯಾನ್ ಆಯಿತು. ಕಾಂಟ್ರಾಕ್ಟ್ ಬರಲಿಲ್ಲ, ವಿಮಾನದ ಟಿಕೆಟ್ ಬಂತು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದಳು. "ನೀನೇ ಏನ್ಲಾ?" ನಾನು ನೀರಿನ ಲೋಟಕ್ಕೆ ಕೈ ಹಾಕಿದೆ. "ಅವನು ನಂಬಿ ಯೋಳ್ದ. ನೀನು ಕುಣ್ದು ತೋರ್ಸ್ದೆ. ಥೂ" ಎಂದಳು. ನನ್ನ ಅಭಿನಯವನ್ನು ಎದುರುಮನೆಯವರು ನೋಡಿ ಅವಳಿಗೆ ಹೇಳಿದ್ದರೆಂದು ಆಮೇಲೆ ತಿಳಿಯಿತು.

ಹೊರಡುವ ದಿನ ಮಟಮಟ ಮಧ್ಯಾಹ್ನ. ಗೇಟಿನ ಬಳಿ ವ್ಯಾನು, ಮ್ಯಾನೇಜರ್, ಜೊತೆಯ ಆಟಗಾರರು, ಎದುರುಮನೆಯವರು. ಸಾಮಾನೆಲ್ಲ ಕೆಳಗೆ ಬಂದ ಮೇಲೆ ಅವರು ಬಾಗಿಲಿಗೆ ಬಂದು ಒಮ್ಮೆ ಎಲ್ಲರನ್ನೂ ನೋಡಿದರು. ಆಮೇಲೆ ತಿರುಗಿ, ಮೆಟ್ಟಿಲಿಗೆ ಮುಖ ಮಾಡಿ, ಕೈ ಊರಿ, ಇಳಿಯತೊಡಗಿದರು. ಅವಸರವಿಲ್ಲ, ಮುಚ್ಚುಮರೆಯಿಲ್ಲ. ಹತ್ತೊಂಬತ್ತು ಮೆಟ್ಟಿಲೂ ನಮಗೆ ಬೆನ್ನು.

ಕೆಳಗೆ ಬಂದು ಅಮ್ಮನ ಎರಡೂ ಕೈ ಹಿಡಿದು, "ಊಟ ಆಯ್ತಾ ಅಮ್ಮ" ಎಂದರು. ಅವರಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ನನ್ನ ಅಂಗೈ ಬಿಡಿಸಿ ಕೀ ಇಟ್ಟರು. ಒಂದಲ್ಲ, ಎರಡು.

"ಒಂದು ನಿಮಗೆ..." ಎಂದೆ.

"ಎರಡೂ ಇವೆ, ಸರಿಯಾಗಿ ನೋಡಿಕೊಳ್ಳಿ. ನಿಮಗೆ ಆಮೇಲೆ ಚಿಂತೆಯಾಗುತ್ತದೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು...

ಮರುವಾರವೇ ರೇಲಿಂಗ್ ಹಾಕಿಸಿದೆ. ಸ್ಟೀಲಿನದು. ಇಲ್ಲಿಯವರೆಗೂ ಯಾವ ಕಳ್ಳನೂ ಮುಟ್ಟಿಲ್ಲ.

ಕಚೇರಿಯಲ್ಲಿ ಬಿಡುವಾದಾಗ ಒಮ್ಮೊಮ್ಮೆ ಅವರ ಹೆಸರು ಹುಡುಕುತ್ತೇನೆ. ಇಂಟರ್ನೆಟ್ಟಿನಲ್ಲಿ ಅವರ ಬಗ್ಗೆ ಒಂದು ಪುಟವಿದೆ. ಯಾವ ದೇಶ, ಯಾವ ಕ್ಲಬ್ಬು, ಎಷ್ಟು ಗೋಲು ಎಂದು ಸಾಲಾಗಿ ಹಾಕಿದ್ದಾರೆ. ಕೊನೆಯ ಸಾಲು ಬೆಂಗಳೂರು. ಅದರ ಕೆಳಗೆ ಖಾಲಿ. ಯಾಕೆ ಖಾಲಿ ಎಂದು ಬರೆಯಲು ಆ ಪುಟದಲ್ಲಿ ಜಾಗವಿಲ್ಲ. ಈಗ ಎಲ್ಲಿದ್ದಾರೋ, ಆ ಮಂಡಿಯಲ್ಲಿ ಯಾವ ಮೆಟ್ಟಿಲು ಇಳಿಯುತ್ತಿದ್ದಾರೋ ಗೊತ್ತಿಲ್ಲ. ಮೇಲಿನ ಮನೆಗೆ ಆಮೇಲೆ ಬೀಗವನ್ನೇ ಬದಲಾಯಿಸಿದೆ. ಆ ಎರಡು ಕೀ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗುತ್ತಿವೆ, ಯಾವ ಬಾಗಿಲನ್ನೂ ತೆರೆಯದೆ.

ಮೊನ್ನೆ ಟ್ಯಾಂಕು ನೋಡಲು ಮೇಲೆ ಹೋದವನಿಗೆ ಇಳಿಯುವಾಗ ಮಂಡಿ ಹಿಡಿದುಕೊಂಡಿತು. ಅತ್ತಿತ್ತ ನೋಡಿದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲಿಗೆ ಮುಖ ಮಾಡಿ, ರೇಲಿಂಗ್ ಹಿಡಿದು, ಒಂದೊಂದಾಗಿ ಇಳಿದೆ. ಕೆಳಗೆ ಬಂದು ತಿರುಗಿದರೆ ಅಮ್ಮ ಕಾಂಪೌಂಡ್ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಕಾಯಿಯಿಂದ ಕಣ್ಣೆತ್ತದೆ ಹೇಳಿದಳು:

"ಎದ್ರುಕೋಬ್ಯಾಡ. ನಾನ್ ಯಾರ್ಗೂ ಯೋಳಾಕಿಲ್ಲ."