ಪಟ್ಟಿಯಿಂದ ಜಾರಿದ ಲಾರಿಗಳು

ನನ್ನ ನಾದಿನಿ ಲಾರಿ ಸಾಲ ಕೊಡುವ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದವಳು. ಕಂಪನಿ ಸಾವಿರಾರು ಸಾಲಗಳನ್ನು ಒಂದು ಕಟ್ಟು ಮಾಡಿ, ಅದರ ಪಾಲುಗಳನ್ನು ಹೂಡಿಕೆದಾರರಿಗೆ ಮಾರುತ್ತಿತ್ತು. ಆ ಕಟ್ಟಿನಲ್ಲಿ ಎಷ್ಟು ಸಾಲದ ಕಂತು ನಿಂತಿದೆ ಎಂಬ ವರದಿ ಪ್ರತಿ ತಿಂಗಳು ಹದಿನೈದರ ಸಂಜೆ ಐದರೊಳಗೆ ಅವರಿಗೂ ನಿಯಂತ್ರಕರಿಗೂ ಹೋಗಬೇಕು. ತಯಾರಿಸುವವಳು ಇವಳು, ಸಹಿಯೂ ಇವಳದೇ. ಸಣ್ಣ ತಪ್ಪನ್ನೂ ಬಿಡದ ಅವಳಿಗೆ ಕಚೇರಿಯವರು ಇಟ್ಟ ಹೆಸರು ಭೂತಗನ್ನಡಿ.

ಒಂದು ತಿಂಗಳ ಹದಿನೈದರಂದು ಅವಳು ಸ್ಕೂಟರ್ ನಿಲ್ಲಿಸಲು ಹಿಂದಿನ ಅಂಗಳಕ್ಕೆ ಹೋದರೆ ಜಾಗವೇ ಇಲ್ಲ. ಕಂತು ಕಟ್ಟದವರಿಂದ ಜಪ್ತಿ ಮಾಡಿದ ಲಾರಿಗಳು ಗೇಟಿನವರೆಗೂ ನಿಂತಿದ್ದವು. ಮೇಲೆ ಬಂದು ನೋಡಿದರೆ ಬಾಕಿಯ ಅಂಕಿ ಇಳಿದಿತ್ತು: ಶೇಕಡ ಆರು. ಅಷ್ಟು ಲಾರಿ ಕೆಳಗೆ, ಇಷ್ಟು ಕಡಿಮೆ ಬಾಕಿ ಇಲ್ಲಿ! ಊಟ ಬಿಟ್ಟು ಪಟ್ಟಿಗಳನ್ನು ಒಂದೊಂದಾಗಿ ನೋಡತೊಡಗಿದಳು.

ಮೂರು ಗಂಟೆಗೆ ಗಂಟು ಬಿಚ್ಚಿತು. ಲಾರಿ ಜಪ್ತಿಯಾದೊಡನೆ ಆ ಸಾಲ ಬೇರೆ ಪಟ್ಟಿಗೆ ಹೋಗುತ್ತಿತ್ತು. ಒಂಬತ್ತು ತಿಂಗಳ ಹಿಂದೆ ಅವಳೇ ಬದಲಾಯಿಸಿದ ಕಂಪ್ಯೂಟರ್ ಲೆಕ್ಕದ ಸೂತ್ರ ಆ ಪಟ್ಟಿಯನ್ನು ಮುಟ್ಟುತ್ತಲೇ ಇರಲಿಲ್ಲ. ತೀರಾ ಕೆಟ್ಟ ಸಾಲಗಳೇ ಬಾಕಿಯಿಂದ ಕಾಣೆಯಾಗಿದ್ದವು. ನಿಜವಾದ ಅಂಕಿ ಒಂಬತ್ತೂವರೆ. ಎಂಟು ದಾಟಿದರೆ ಕಂಪನಿಯ ಪಾಲು ತಡೆದು, ಬಂದ ಹಣವನ್ನೆಲ್ಲ ಮೊದಲು ಹೂಡಿಕೆದಾರರಿಗೆ ಕೊಡಬೇಕೆಂದು ಕರಾರಿತ್ತು.

ನಾನು ಅವಳನ್ನು ಹೊಗಳುತ್ತಿಲ್ಲ. ತಪ್ಪು ಅವಳದೇ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ವಜಾ ಆದರೆ ನಿವೃತ್ತಿಯ ಹಣಕ್ಕೂ ಕಲ್ಲು ಬೀಳುತ್ತಿತ್ತು.

ಮ್ಯಾನೇಜರ್, ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಅವಳಿಂದ ವಿಷಯ ಕೇಳಿ ಕುರ್ಚಿ ಎಳೆದು ಪಕ್ಕದಲ್ಲೇ ಕೂತ.

"ಅಕ್ಕಾ, ಯಾರಾದ್ರೂ ಕೇಳಿದ್ರಾ? ಮುಂದಿನ ತಿಂಗಳಿಂದ ಮೆಲ್ಲಗೆ ಸರಿ ಮಾಡಿದ್ರಾಯ್ತು. ಕಾಲ ಮೇಲೆ ಯಾಕೆ ಕಲ್ಲು ಎಳ್ಕೋತೀರಿ?"

"ಮೆಲ್ಲಗೆ ಅಂದ್ರೆ? ಆರು, ಏಳು, ಎಂಟು ಅಂತ ಮೆಟ್ಟಿಲು ಹತ್ತಿಸ್ಲಾ?"

"ಒಂಬತ್ತು ವರದೀಲೂ ನಿಮ್ದೇ ಸಹಿ. ನಂದು ಒಂದೂ ಇಲ್ಲ, ನೆನಪಿರ್ಲಿ."

"ಗೊತ್ತಪ್ಪಾ. ಅವು ಗೊತ್ತಿಲ್ದೆ ಹಾಕಿದ್ದು. ಇದು ಗೊತ್ತಿದ್ದೂ ಹಾಕೋದು."

"ಭೂತಗನ್ನಡೀನ ನಿಮ್ಮ ಮುಖಕ್ಕೇ ಹಿಡ್ಕೊಂಡ್ರಲ್ಲ!"

"ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ಕೂತಿದೀರಿ."

ನಾಲ್ಕು ಗಂಟೆ ದಾಟಿತ್ತು. ಒಂಬತ್ತು ತಿಂಗಳ ಅಂಕಿಗಳನ್ನು ಹೊಸದಾಗಿ ತೆಗೆದಳು. ಕೆಳಗೆ ಟಿಪ್ಪಣಿ ಬರೆದಳು: ಜಪ್ತಿಯಾದ ಸಾಲಗಳು ಬಿಟ್ಟುಹೋಗಿದ್ದವು, ತಪ್ಪು ನನ್ನದು. ಐದಕ್ಕೆ ನಾಲ್ಕು ನಿಮಿಷವಿರುವಾಗ ಕಳಿಸಿದಳು. ಮ್ಯಾನೇಜರ್ ಆಗಲೇ ಎದ್ದು ಹೋಗಿ ಯಾರಿಗೋ ಫೋನು ಮಾಡುತ್ತಿದ್ದ.

ವಿಚಾರಣೆ ಆರು ವಾರ ನಡೆಯಿತು. ಕಂಪನಿಯ ಪಾಲು ತಡೆಹಿಡಿಯಲಾಯಿತು. ಬೇಕೆಂದೇ ಮಾಡಿದ್ದಲ್ಲ ಎಂದು ತೀರ್ಮಾನವಾದ್ದರಿಂದ ಅವಳ ನಿವೃತ್ತಿಯ ಹಣ ಉಳಿಯಿತು. ಆದರೆ ವರದಿಯ ಕೆಲಸ ಕಿತ್ತುಕೊಂಡು ಹಳೆಯ ಕಡತಗಳ ಕೋಣೆಗೆ ಹಾಕಿದರು.

"ಬೇಜಾರಾಯ್ತಾ?" ಎಂದು ಕೇಳಿದೆ.

"ಆಗ್ದೆ ಇರುತ್ತಾ ಅತ್ತಿಗೆ? ನನ್ನ ಜಾಗಕ್ಕೆ ಈಗ ಬಂದಿರೋಳು ಕಂಪ್ಯೂಟರ್ ಕೊಟ್ಟ ಅಂಕೀನ ಹಾಗೇ ಕಳಿಸ್ತಾಳಂತೆ. ಹೋಗಿ ಹೇಳೋಣ ಅಂದ್ರೆ ವರದಿ ಮಾಡೋ ಕೋಣೆಗೆ ನನ್ನನ್ನ ಬಿಡೋದೇ ಇಲ್ಲ."